ಗೋಡೆ ಕ್ಯಾಲೆಂಡರಿನ ಕೆಂಪು ಚುಕ್ಕೆ

ಮೊದಲ ಭೇಟಿಗೆ ಬರುವಾಗ ಮನೆಯ ಗೋಡೆ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿಕೊಂಡೇ ಬನ್ನಿ ಎಂದು ಫೋನಿನಲ್ಲೇ ಹೇಳಿರುತ್ತೇವೆ. ಹಾಸನ ಸೀಮೆಯ ಮನೆಗಳಲ್ಲಿ ಎಲ್ಲ ಲೆಕ್ಕವೂ ಅದರಲ್ಲೇ ಇರುತ್ತದೆ. ಡೇರಿಯ ಬಟವಾಡೆ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಂಘದ ಕಂತು, ಆಳುಗಳಿಗೆ ಕೊಟ್ಟ ಮುಂಗಡ. ಇವುಗಳ ಮಧ್ಯೆ ಎಲ್ಲೋ ಮೂಲೆಯಲ್ಲಿ, ಅತ್ತೆಯ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ, ತಿಂಗಳಿಗೊಂದು ಕೆಂಪು ಚುಕ್ಕೆ. ಮಕ್ಕಳಾಗದ ದಂಪತಿಗಳ ತಪಾಸಣೆ, ಆಪ್ತಸಮಾಲೋಚನೆ ಮಾಡುವ ನಮಗೆ ಆ ಚುಕ್ಕೆಗಳ ನಡುವಿನ ದಿನ ಎಣಿಸಿದರೆ ಅರ್ಧ ವಿಷಯ ಗೊತ್ತಾಗುತ್ತದೆ. 29, 30, 28, 30, ಆಮೇಲೆ ಇದ್ದಕ್ಕಿದ್ದಂತೆ 43. ಆ ತಿಂಗಳಲ್ಲಿ ಏನಾಗಿತ್ತು ಎಂದು ಅದೇ ಹಾಳೆಯಲ್ಲಿ ಹುಡುಕಿದರೆ ಒಮ್ಮೊಮ್ಮೆ ಅದೂ ಸಿಗುತ್ತದೆ: ಮಾವನನ್ನು ಆಸ್ಪತ್ರೆಗೆ ಸೇರಿಸಿದ್ದು, ಓರಗಿತ್ತಿಯ ಸೀಮಂತ, ಶುಂಠಿ ರೇಟು ಬಿದ್ದ ವಾರ, ಗಾರ್ಮೆಂಟ್ಸ್‌ನಲ್ಲಿ ರಾತ್ರಿ ಪಾಳಿ ಶುರುವಾದ ದಿನ.

ಮುಟ್ಟಿನ ಚಕ್ರದಲ್ಲಿ ಹಿಗ್ಗುವುದು ಹೆಚ್ಚಾಗಿ ಮೊದಲ ಭಾಗ. ಅಂಡಾಣು ಬಿಡುಗಡೆಯಾದ ಮೇಲಿನ ಭಾಗ 12ರಿಂದ 14 ದಿನ, ಅದು ಅಷ್ಟಾಗಿ ಕದಲುವುದಿಲ್ಲ. ಹಾಗಾಗಿ 43 ದಿನದ ತಿಂಗಳಲ್ಲಿ ಅಂಡಾಣು ಬಿಟ್ಟಿದ್ದರೆ ಅದು ಸುಮಾರು 29ನೇ ದಿನ. ದಂಪತಿ ಮಾತ್ರ ಯಾರೋ ಹೇಳಿದರೆಂದು 12ರಿಂದ 16ನೇ ದಿನದವರೆಗೆ ಕೂಡಿ, ಈ ಸಲ ಲೆಕ್ಕ ತಪ್ಪಿಲ್ಲ ಎಂದುಕೊಂಡಿರುತ್ತಾರೆ. ಮುಟ್ಟು ಎರಡು ವಾರ ಮುಂದೆ ಹೋದಾಗ ಆಸೆ ಚಿಗುರುತ್ತದೆ, ಮನೆಯಲ್ಲಿ ಪಿಸುಮಾತು ಶುರುವಾಗುತ್ತದೆ, ಕೊನೆಗೆ ಮುಟ್ಟಾದಾಗ ಅದನ್ನು ‘ಇಳಿದುಹೋಯಿತು’ ಎಂದು ಎಣಿಸುವವರೂ ಇದ್ದಾರೆ. ಆಗಿದ್ದು ಗರ್ಭಪಾತವಲ್ಲ. ಅಂಡಾಣು ತಡವಾಗಿ ಹೊರಟಿತ್ತು, ಅಷ್ಟೆ. (ಮುಟ್ಟು ತಡವಾದಾಗ ಮೊದಲು ಮಾಡಬೇಕಾದ್ದು ಮೂತ್ರ ಪರೀಕ್ಷೆಯೇ. ಟೆನ್ಷನ್ ಎಂದುಕೊಂಡು ಸುಮ್ಮನಿದ್ದು ಎರಡು ತಿಂಗಳ ಬಸಿರಿನಲ್ಲಿ ಬಂದವರೂ ಉಂಟು.)

ಅಂಡಾಣು ತಡವಾಗುವುದು ಹೀಗೆ. ಮೆದುಳಿನ ತಳದಲ್ಲಿರುವ ಹೈಪೊಥಾಲಮಸ್, ಚಕ್ರದ ಮೊದಲರ್ಧದಲ್ಲಿ 60ರಿಂದ 90 ನಿಮಿಷಕ್ಕೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಗುಟುಕು ಗುಟುಕಾಗಿ ಬಿಡುತ್ತದೆ. ಆ ತಾಳಕ್ಕೆ ಸರಿಯಾಗಿ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಹಾರ್ಮೋನು ಕಳಿಸುತ್ತದೆ. ಎಫ್‌ಎಸ್‌ಎಚ್ ಅಂಡಾಣು ಇರುವ ಪುಟ್ಟ ಚೀಲವನ್ನು, ಅಂದರೆ ಅಂಡಕೋಶವನ್ನು (ಫಾಲಿಕಲ್) ಬೆಳೆಸುತ್ತದೆ, ಎಲ್‌ಎಚ್ ಒಮ್ಮೆಲೇ ಉಕ್ಕಿದಾಗ ಕೋಶ ಒಡೆಯುತ್ತದೆ. ದೇಹ ದಿನಗಟ್ಟಲೆ ಗಾಬರಿಯಲ್ಲಿದ್ದರೆ ಅದೇ ಹೈಪೊಥಾಲಮಸ್‌ನಿಂದ ಸಿಆರ್‌ಎಚ್, ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಹೆಚ್ಚಾಗಿ ಬರುತ್ತವೆ. ಇವು ಜಿಎನ್‌ಆರ್‌ಎಚ್ ನರಕೋಶಗಳನ್ನೂ ಅವುಗಳನ್ನು ಚುರುಕಾಗಿಡುವ ಕಿಸ್‌ಪೆಪ್ಟಿನ್ ಕೋಶಗಳನ್ನೂ ಹಿಡಿದಿಡುತ್ತವೆ. ತಾಳ ನಿಧಾನವಾಗುತ್ತದೆ, ಎಲ್‌ಎಚ್ ಉಕ್ಕುವುದು ಮುಂದಕ್ಕೆ ಹೋಗುತ್ತದೆ. ಒಂದು ದಿನದ ಜಗಳಕ್ಕೆ ಇಷ್ಟೆಲ್ಲ ಆಗುವುದಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟು, ಊಟ ಸೇರದೆ, ತೂಕ ಇಳಿದಾಗ ಆಗುತ್ತದೆ. ಅದು ವಿಪರೀತಕ್ಕೆ ಹೋದರೆ ಮುಟ್ಟು ಮೂರು ತಿಂಗಳು, ಆರು ತಿಂಗಳು ನಿಂತೇಬಿಡಬಹುದು. ಹಾಗೆ ನಿಂತವರನ್ನು ಕೇಳಿದರೆ ಚಿಂತೆಯ ಹಿಂದೆ ಒಪ್ಪೊತ್ತಿನ ಊಟ, ಸೋಮವಾರ-ಗುರುವಾರ-ಶನಿವಾರದ ಉಪವಾಸ, ಸಣ್ಣಗಾಗಬೇಕೆಂದು ಮಾಡಿದ ಪಥ್ಯ ಸಿಗುತ್ತವೆ. ಮಗುವಿಗೆಂದು ಹೊತ್ತ ಹರಕೆಯ ಉಪವಾಸವೇ ಮುಟ್ಟನ್ನು ನಿಲ್ಲಿಸಿರುವುದೂ ಉಂಟು. ಅವರಿಗೆ ಮೊದಲ ಮದ್ದು ಮೂರು ಹೊತ್ತಿನ ಊಟ. ಹಾಗಂತ ಮುಟ್ಟು ಏರುಪೇರಾದ ಎಲ್ಲರ ಮೇಲೂ ಟೆನ್ಷನ್ ಚೀಟಿ ಅಂಟಿಸಲು ಬರುವುದಿಲ್ಲ. ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ), ಥೈರಾಯ್ಡ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚಿರುವುದು, ಅಂಡಾಶಯ ಬೇಗ ಬತ್ತುವುದು, ಇವೆಲ್ಲ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಆ ಮಾತು.

ಆದರೆ ನೆಂಟರಿಷ್ಟರು ಅಲ್ಲಿಂದಲೇ ಶುರು ಮಾಡುತ್ತಾರೆ. “ಟೆನ್ಷನ್ ಬಿಡು, ತಾನಾಗೇ ಆಗುತ್ತೆ.” ಇದಕ್ಕಿಂತ ಕೆಟ್ಟ ಸಲಹೆಯನ್ನು ನಾವು ಕಂಡಿಲ್ಲ. ಕೇಳಲು ಸಮಾಧಾನದ ಮಾತು, ಒಳಗಿರುವುದು ಆರೋಪ: ಆಗದಿದ್ದರೆ ನೀನು ಟೆನ್ಷನ್ ಬಿಡದ್ದರಿಂದ ಎಂದು. ಸಂಶೋಧನೆಗಳೂ ಇಷ್ಟು ಸಲೀಸಾಗಿ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮಗುವಿಗಾಗಿ ಆಗಷ್ಟೇ ಪ್ರಯತ್ನ ಶುರು ಮಾಡಿದ್ದ 501 ದಂಪತಿಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಜೊಲ್ಲಿನಲ್ಲಿ ಆಲ್ಫಾ ಅಮೈಲೇಸ್ ಎಂಬ ಒತ್ತಡದ ಗುರುತು ಅತಿ ಹೆಚ್ಚಿದ್ದ ಮೂರನೇ ಒಂದು ಭಾಗದ ಹೆಂಗಸರಲ್ಲಿ, ಅತಿ ಕಡಿಮೆ ಇದ್ದವರಿಗೆ ಹೋಲಿಸಿದರೆ ತಿಂಗಳ ಗರ್ಭಧಾರಣೆಯ ಸಾಧ್ಯತೆ 29 ಶೇಕಡಾ ಕಡಿಮೆ ಇತ್ತು. ಅದೇ ಜೊಲ್ಲಿನ ಕಾರ್ಟಿಸಾಲ್‌ಗೆ ಅಂಥ ನಂಟು ಕಾಣಲಿಲ್ಲ. ಇನ್ನೊಂದು ಕಡೆ, 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ 14 ಅಧ್ಯಯನಗಳ 3,583 ಹೆಂಗಸರ ಲೆಕ್ಕ ಒಟ್ಟು ಹಾಕಿತು: ಐವಿಎಫ್‌ನಂಥ ಚಿಕಿತ್ಸೆಗೆ ಮೊದಲು ಎಷ್ಟು ಆತಂಕ, ಬೇಸರ ಇತ್ತು ಎನ್ನುವುದಕ್ಕೂ ಆ ಸಲ ಗರ್ಭ ನಿಂತಿತೇ ಎನ್ನುವುದಕ್ಕೂ ಸಂಬಂಧ ಸಿಗಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನಮಗೆ ಕಾಣುವುದು ಹೀಗೆ. ಮನೆಯಲ್ಲಿ ತಾವಾಗೇ ಪ್ರಯತ್ನಿಸುವಾಗ ಒತ್ತಡ ಅಂಡಾಣುವಿನ ದಿನವನ್ನು ಜರುಗಿಸುತ್ತದೆ, ಕೂಡುವ ದಿನಗಳನ್ನು ಕಡಿಮೆ ಮಾಡುತ್ತದೆ. ಔಷಧಿ ಕೊಟ್ಟು ಅಂಡಾಣು ಬೆಳೆಸಿ, ಲ್ಯಾಬಿನಲ್ಲಿ ಫಲಿಸಿ ಒಳಗಿಟ್ಟಾಗ ಆ ಎರಡು ದಾರಿಯೂ ಮುಚ್ಚಿರುತ್ತವೆ. ಆದ್ದರಿಂದ ಐವಿಎಫ್ ಫೇಲಾಗಿ ಬಂದ ಹೆಣ್ಣುಮಗಳು “ನಾನು ಅತ್ತಿದ್ದಕ್ಕೇ ಹೀಗಾಯ್ತಾ ಮೇಡಂ?” ಎಂದರೆ ಉತ್ತರ ಒಂದೇ: ಇಲ್ಲಮ್ಮ.

ಲೆಕ್ಕ ಶುರುವಾಗುವುದು ಯಾವಾಗಿಂದ ಎನ್ನುವುದರಲ್ಲೂ ಗೊಂದಲ. ತಡೆಯಿಲ್ಲದೆ, ನಿಯಮಿತವಾಗಿ ಕೂಡಿ 12 ತಿಂಗಳಾದರೂ ಗರ್ಭ ನಿಲ್ಲದಿದ್ದರೆ ತಪಾಸಣೆ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೆ. ಮದುವೆಯಾಗಿ ವರ್ಷವಾಯಿತು ಎಂದು ಬರುವವರ ಕ್ಯಾಲೆಂಡರ್ ನೋಡಿದರೆ ಆಷಾಢಕ್ಕೆ ತವರಿಗೆ ಹೋದದ್ದು ಒಂದು ತಿಂಗಳು, ಗಂಡ ಅಯ್ಯಪ್ಪನ ಮಾಲೆ ಹಾಕಿದ್ದು 41 ದಿನ, ಉಳಿದಂತೆ ಗಂಡ ಬೆಂಗಳೂರಿನಲ್ಲಿ, ಶನಿವಾರ ರಾತ್ರಿ ರೈಲಿಗೆ ಬಂದು ಸೋಮವಾರ ಬೆಳಿಗ್ಗೆ ವಾಪಸ್. ಹನ್ನೆರಡು ತಿಂಗಳಲ್ಲಿ ನಿಜವಾದ ಪ್ರಯತ್ನ ನಾಲ್ಕೋ ಐದೋ ತಿಂಗಳದ್ದು. ಇವರಿಗೆ ಬೇಕಿರುವುದು ಔಷಧಿಗಿಂತ ರಜೆ.

ಮೊದಲ ದಿನ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡುತ್ತೇವೆ, ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಹತ್ತು ನಿಮಿಷ. ಅತ್ತೆ, ನಾದಿನಿ ಹೊರಗೆ ಬೆಂಚಿನ ಮೇಲೆ. ಆ ಹತ್ತು ನಿಮಿಷದಲ್ಲೇ ಹೊರಬರುವುದು, ಮದುವೆಯಾಗಿ ಎರಡು ವರ್ಷವಾದರೂ ಒಮ್ಮೆಯೂ ಪೂರ್ತಿ ಕೂಡಲಾಗಿಲ್ಲ ಎನ್ನುವ ವಿಷಯ. ಹೆದರಿಕೆಯಿಂದ ಯೋನಿಯ ಸ್ನಾಯು ತಾನಾಗಿ ಬಿಗಿದುಕೊಳ್ಳುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ನಿಧಾನವಾಗಿ ಅಭ್ಯಾಸ ಮಾಡಿಸುವ ಚಿಕಿತ್ಸೆಗೆ ಇದು ಚೆನ್ನಾಗಿ ಬಗ್ಗುತ್ತದೆ. ಈ ಪ್ರಶ್ನೆ ಕೇಳದೆ ಸ್ಕ್ಯಾನು, ಎಕ್ಸ್‌ರೇ, ಐಯುಐ (ವೀರ್ಯಾಣುವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಎಲ್ಲ ಮಾಡಿಸಿಕೊಂಡು ಬಂದ ಫೈಲುಗಳು ನಮ್ಮ ಮೇಜಿಗೆ ಬರುತ್ತವೆ, ಒಂದೊಂದು ಎರಡು ಕೇಜಿ ತೂಕದವು.

ಗಂಡಸರ ಪರೀಕ್ಷೆಯ ವಿಷಯಕ್ಕೆ ಬಂದರೆ ಅಡ್ಡ ಬರುವುದು ಭಾಷೆಯೇ. ಹೆಂಗಸಿಗೆ ‘ಬಂಜೆ’ ಎಂಬ ಪದ ಇದೆ. ಗಂಡಸಿಗೆ ಜನ ಬಳಸುವ ‘ಷಂಡ’ ಎಂಬುದರ ಅರ್ಥವೇ ಬೇರೆ, ಅದು ನಿಮಿರದವನು ಎಂದು. ಹಾಗಾಗಿ ಹಾಸಿಗೆಯಲ್ಲಿ ತೊಂದರೆಯಿಲ್ಲದ ಗಂಡಸು ತನಗೆ ಪರೀಕ್ಷೆ ಯಾಕೆ ಎನ್ನುತ್ತಾನೆ, ರಿಪೋರ್ಟ್ ಕಡಿಮೆ ಬಂದರೆ ತನ್ನ ಗಂಡಸುತನಕ್ಕೇ ಕುತ್ತು ಬಂತೆಂದು ಕುಸಿಯುತ್ತಾನೆ. ನಿಮಿರುವುದಕ್ಕೂ ವೀರ್ಯಾಣುವಿನ ಸಂಖ್ಯೆಗೂ ಸಂಬಂಧ ತೀರಾ ಕಡಿಮೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನದೂ ಪಾಲಿರುತ್ತದೆ. ಹೆಂಡತಿಗೆ ಸೂಜಿ ಚುಚ್ಚುವ ಮೊದಲು ಗಂಡನ ಡಬ್ಬಿ ಲ್ಯಾಬಿಗೆ ಹೋಗಬೇಕು ಎನ್ನುವುದು ನಮ್ಮ ಹಟ.

ಆ ಡಬ್ಬಿಯ ವಿಷಯದಲ್ಲೇ ತಪ್ಪುಗಳು ಹೆಚ್ಚು. ಹಿಂದಿನ ಸ್ಖಲನದಿಂದ ಕನಿಷ್ಠ 2 ದಿನ, ಗರಿಷ್ಠ 7 ದಿನ ಅಂತರವಿರಬೇಕು. ಮಾಲೆ ತೆಗೆದ ಮಾರನೆಯ ದಿನವೇ ಬಂದು ಕೊಟ್ಟರೆ ಸಂಖ್ಯೆ ಹೆಚ್ಚು ಕಾಣುತ್ತದೆ, ಚಲನೆ ಸತ್ತಿರುತ್ತದೆ. ಲ್ಯಾಬ್ ಕೊಟ್ಟ ಅಗಲ ಬಾಯಿಯ ಡಬ್ಬಿಯಲ್ಲೇ ಹಿಡಿಯಬೇಕು. ಮನೆಯ ಮಾತ್ರೆ ಬಾಟಲಿ ಬೇಡ. ಸೋಪು, ಎಣ್ಣೆ, ಉಗುಳು ತಾಗಿದರೆ ವೀರ್ಯಾಣು ಮಂಕಾಗುತ್ತವೆ. ಅಂಗಡಿಯ ಮಾಮೂಲಿ ಕಾಂಡೋಮಿನಲ್ಲಿ ಹಿಡಿಯುವುದು ಸಲ್ಲದು. ಮೊದಲು ಬರುವ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ನೆಲಕ್ಕೆ ಬಿದ್ದಿದ್ದರೆ ನಾಚಿಕೊಳ್ಳದೆ ಹೇಳಬೇಕು, ಇಲ್ಲದಿದ್ದರೆ ಮಿ.ಲೀ.ಗೆ 4 ಕೋಟಿ ಇರಬೇಕಾದ ಕಡೆ 1 ಕೋಟಿ ಎಂದು ರಿಪೋರ್ಟ್ ಬಂದು ಆರು ತಿಂಗಳು ಮಾತ್ರೆ ನುಂಗುವ ಪಾಡು.

ಒತ್ತಡ ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆ, ಸರಿಯಾಗಿ ಕೂರದ ಚಿಲಕ, ಹೊರಗೆ “ಆಯ್ತಾ ಸಾರ್?” ಎಂದು ಬಾಗಿಲು ತಟ್ಟುವ ಅಟೆಂಡರ್, ಎಂಟು ಗಂಟೆಯ ಬಸ್ಸಿಗೆ ಬಂದು ಹನ್ನೊಂದಾದರೂ ಆಗದೆ ಬೆವರುತ್ತಿರುವ ಮನುಷ್ಯ. ಗಾಬರಿಯಲ್ಲಿ ಅಡ್ರಿನಲಿನ್ ಏರಿ ಶಿಶ್ನದ ರಕ್ತನಾಳಗಳು ಕುಗ್ಗುತ್ತವೆ, ನಿಮಿರುವಿಕೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ ನರಗಳ ಕೆಲಸ. ಬಲವಂತ ಮಾಡಿದಷ್ಟೂ ಕೈಕೊಡುತ್ತದೆ. ಅಂಥವರನ್ನು ಅವತ್ತು ಮನೆಗೆ ಕಳಿಸುವುದೇ ವಾಸಿ. ಹಾಸನ ಪಟ್ಟಣದೊಳಗಿನವರು ಮನೆಯಲ್ಲೇ ಹಿಡಿದು ಅರ್ಧ ಗಂಟೆಯೊಳಗೆ ತರಬಹುದು, ಹೇಗೆಂದರೂ ಒಂದು ಗಂಟೆ ಮೀರಬಾರದು. ಡಬ್ಬಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಂಡು, ಮುಚ್ಚಳ ಮೇಲಿರುವಂತೆ ತರಬೇಕು. ಐಸ್ ಡಬ್ಬಿಯೂ ಬೇಡ, ಬಿಸಿನೀರಿನ ಫ್ಲಾಸ್ಕೂ ಬೇಡ. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರು, ಬಸ್ಸಿನಲ್ಲಿ ಸ್ಟಾಪು ಹಿಡಿದು ಬಂದರೆ ಗಂಟೆ ದಾಟುತ್ತದೆ. ಅಲ್ಲಿಂದ ತಂದ ಸ್ಯಾಂಪಲ್ಲಿನ ಚಲನೆಯ ಅಂಕಿ ನಂಬುವಂಥದ್ದಲ್ಲ. ಆ ಕಡೆಯವರಿಗೆ ಹಿಂದಿನ ರಾತ್ರಿಯೇ ಊರಿಗೆ ಬಂದು ಲಾಡ್ಜಿನಲ್ಲೋ ನೆಂಟರ ಮನೆಯಲ್ಲೋ ಉಳಿಯಿರಿ ಎನ್ನುತ್ತೇವೆ. ಹೆಂಡತಿಯೂ ಕೋಣೆಯೊಳಗೆ ಬರಬಹುದು, ಅದಕ್ಕೆ ಯಾರೂ ಅಡ್ಡಿ ಮಾಡಬಾರದು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳ ಗೆರೆ ಹೀಗಿದೆ: ಪ್ರಮಾಣ 1.4 ಮಿ.ಲೀ., ಪ್ರತಿ ಮಿ.ಲೀ.ಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಚಲನೆಯುಳ್ಳವು 42 ಶೇಕಡಾ, ಮುಂದಕ್ಕೆ ಈಜುವವು 30 ಶೇಕಡಾ, ಸರಿಯಾದ ಆಕಾರದವು 4 ಶೇಕಡಾ. ಈ ಕೊನೆಯ ಅಂಕಿಯನ್ನು ನೋಡಿ ‘96 ಶೇಕಡಾ ಕೆಟ್ಟಿವೆ’ ಎಂದು ಗೂಗಲ್ ಮಾಡಿ ನಿದ್ದೆಗೆಡುವವರಿಗೆ ಲೆಕ್ಕವಿಲ್ಲ. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ವೀರ್ಯವನ್ನೇ ಅಳೆದು, ಅವರಲ್ಲಿ ಅತಿ ಕೆಳಗಿನ 5 ಶೇಕಡಾ ಜನ ಎಲ್ಲಿ ಬರುತ್ತಾರೋ ಅಲ್ಲಿ ಎಳೆದ ಗೆರೆಯಿದು. ಅಂದರೆ ಗೆರೆಯ ಕೆಳಗಿದ್ದವರೂ ಅಪ್ಪಂದಿರಾಗಿದ್ದಾರೆ.

ಒಂದು ರಿಪೋರ್ಟ್ ನೋಡಿ ತೀರ್ಮಾನಿಸುವಂತಿಲ್ಲ. ವೀರ್ಯಾಣು ಒಂದು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ಸುರುಳಿ ನಾಳದಲ್ಲಿ ಪಕ್ವವಾಗಿ ಹೊರಬರಲು ಇನ್ನೊಂದೆರಡು ವಾರ. ಇವತ್ತಿನ ಡಬ್ಬಿಯಲ್ಲಿರುವುದು ಮೂರು ತಿಂಗಳ ಹಿಂದಿನ ದೇಹದ ಬೆಳೆ. ಮತ್ತೆ ಕ್ಯಾಲೆಂಡರ್ ಹಾಳೆ ಹಿಂದಕ್ಕೆ ಮಗುಚುತ್ತೇವೆ. ಫೆಬ್ರವರಿಯಲ್ಲಿ ಕೌಂಟು ಕಡಿಮೆ ಬಂದರೆ ನವೆಂಬರಿನಲ್ಲಿ ಏನಿತ್ತು? ಆಲೂರು, ಸಕಲೇಶಪುರದ ಕಡೆ ಭತ್ತ ತೆನೆ ಬಂದಾಗ ಆನೆ ಕಾಯಲು ರಾತ್ರಿಯಿಡೀ ಎದ್ದಿದ್ದರೇ? 102 ಡಿಗ್ರಿ ಜ್ವರ ನಾಲ್ಕು ದಿನ ಬಂದಿತ್ತೇ? ಕಾಫಿ ಕೊಯ್ಲಿಗೆ ಆಳು ಸಿಗದೆ ಸಾಲದ ಕಂತು ತಪ್ಪಿತ್ತೇ? ಜ್ವರ ಕೌಂಟನ್ನು ಇಳಿಸುವುದು ಖಚಿತ. ದೀರ್ಘ ಒತ್ತಡವಿದ್ದ ಗಂಡಸರಲ್ಲಿ ಸಂಖ್ಯೆ, ಚಲನೆ ಸ್ವಲ್ಪ ಕಡಿಮೆ ಕಂಡಿರುವ ಅಧ್ಯಯನಗಳಿವೆ. ನಿದ್ದೆಯ ಪಾಲು ಇನ್ನೂ ಸ್ಪಷ್ಟ: ಟೆಸ್ಟೊಸ್ಟಿರೋನ್ ಹೆಚ್ಚಾಗಿ ತಯಾರಾಗುವುದೇ ನಿದ್ದೆಯಲ್ಲಿ. ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ 5 ಗಂಟೆ ಮಾತ್ರ ಮಲಗಿಸಿ ನೋಡಿದಾಗ ಹಗಲಿನ ಮಟ್ಟ 10ರಿಂದ 15 ಶೇಕಡಾ ಇಳಿದಿತ್ತು. 2011ರ ಈ ಪ್ರಯೋಗ ಹತ್ತೇ ಜನರ ಮೇಲಿನದು, ಆದರೂ ಗಮನಿಸುವಂಥದ್ದು.

ಒಂದು ಎಚ್ಚರ. ಕೌಂಟು ಸೊನ್ನೆ ಬಂದಾಗ ಅದನ್ನು ಟೆನ್ಷನ್ನಿನ ತಲೆಗೆ ಕಟ್ಟಲು ಬಿಡಬೇಡಿ. ಸೊನ್ನೆಗೆ ನಾಳದ ಅಡ್ಡಿ, ಹಾರ್ಮೋನು, ವರ್ಣತಂತುವಿನ ದೋಷ, ಹಿಂದೆ ಮಂಗನಬಾವು ವೃಷಣಕ್ಕಿಳಿದದ್ದು, ಹೀಗೆ ಬೇರೆ ಕಾರಣಗಳಿರುತ್ತವೆ. ಹುಡುಕಬೇಕು.

ಟೆನ್ಷನ್ ಒಂಟಿಯಾಗಿ ಬರುವುದೂ ಇಲ್ಲ, ಬೀಡಿ, ಗುಟ್ಕಾ, ಸಂಜೆಯ ಕ್ವಾರ್ಟರ್ ಜತೆಗಿರುತ್ತವೆ. ಈಚೆಗೆ ಸೇರಿರುವುದು ಜಿಮ್ ಇಂಜೆಕ್ಷನ್. ಸುಸ್ತು, ಆಸೆ ಕಡಿಮೆ ಎಂದವರಿಗೆ ಯಾರೋ ಟೆಸ್ಟೊಸ್ಟಿರೋನ್ ಚುಚ್ಚುತ್ತಾರೆ. ಹೊರಗಿನಿಂದ ಹಾರ್ಮೋನು ಬಂದದ್ದನ್ನು ಕಂಡ ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸಿಬಿಡುತ್ತದೆ. ಮೈಕಟ್ಟು ಬೆಳೆಯುತ್ತದೆ, ಕೌಂಟು ಸೊನ್ನೆಗಿಳಿಯುತ್ತದೆ. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಮರಳುತ್ತದೆ, ಆದರೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ.

ಹೆಂಗಸರ ರಕ್ತ ಪರೀಕ್ಷೆಯಲ್ಲಿ ಒತ್ತಡ ನೇರವಾಗಿ ಅಂಕಿಯನ್ನೇ ಕೆಡಿಸುವ ಜಾಗ ಪ್ರೊಲ್ಯಾಕ್ಟಿನ್. ಸಾಮಾನ್ಯವಾಗಿ 25 ನ್ಯಾನೋಗ್ರಾಂ ಒಳಗಿರಬೇಕಾದ್ದು 34, 38 ಎಂದು ಬರುತ್ತದೆ. ಅರಕಲಗೂಡಿನಿಂದ ಬೆಳಗಿನ ಬಸ್ಸು ಹಿಡಿದು, ನಿಂತುಕೊಂಡೇ ಬಂದು, ಓಡಿ ಮೆಟ್ಟಿಲು ಹತ್ತಿ, ಸೂಜಿಗೆ ಹೆದರಿ ಕೈ ಚಾಚಿದರೆ ಅಷ್ಟು ಏರುವುದು ಸಹಜ. ಎದ್ದು ಎರಡು ಮೂರು ಗಂಟೆ ಕಳೆದಿರಲಿ, ಬಂದು ಅರ್ಧ ಗಂಟೆ ಸುಮ್ಮನೆ ಕೂತು ಆಮೇಲೆ ರಕ್ತ ಕೊಡಿ. ಸ್ವಲ್ಪವೇ ಹೆಚ್ಚು ಬಂದರೆ ಮಾತ್ರೆ ಶುರು ಮಾಡುವ ಮೊದಲು ಇನ್ನೊಮ್ಮೆ ಪರೀಕ್ಷೆ. ಇನ್ನೊಂದು ಮರೆತುಹೋಗುವ ಕಾರಣ ಗ್ಯಾಸ್ ಮಾತ್ರೆ. ಚಿಂತೆಯಿಂದ ಹೊಟ್ಟೆ ಉರಿ, ಹೊಟ್ಟೆ ಉರಿಗೆ ಮೆಡಿಕಲ್ ಶಾಪಿನ ಮಾತ್ರೆ. ಅದರಲ್ಲಿ ಪ್ಯಾಂಟೊಪ್ರಜೋಲ್ ಜತೆಗೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಇರುತ್ತದೆ. ಈ ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಮುಟ್ಟನ್ನೂ ಜರುಗಿಸುತ್ತವೆ. “ಬೇರೆ ಯಾವ ಮಾತ್ರೆ ತಗೊಳ್ತೀರಿ?” ಎಂದರೆ “ಯಾವುದೂ ಇಲ್ಲ” ಎನ್ನುತ್ತಾರೆ, “ಗ್ಯಾಸಿಗೆ?” ಎಂದು ಕೇಳಿದರೆ ಬ್ಯಾಗಿನಿಂದ ಪಟ್ಟಿ ಹೊರಬರುತ್ತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳೂ ಇದೇ ಕೆಲಸ ಮಾಡುತ್ತವೆ, ಆದರೆ ಅವನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸುವುದು ಅಪಾಯ. ಬರೆದುಕೊಟ್ಟ ವೈದ್ಯರೇ ಬದಲಿಸಬೇಕು.

‘ಸ್ಟ್ರೆಸ್ ಹಾರ್ಮೋನ್ ಪ್ಯಾಕೇಜ್’ ಎಂದು ಕಾರ್ಟಿಸಾಲ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದು ಬೆಳಿಗ್ಗೆ ಎಂಟರ ಸುಮಾರಿಗೆ ಏರಿ ನಡುರಾತ್ರಿಗೆ ಇಳಿಯುವ ಹಾರ್ಮೋನು. ಒಂದು ಹೊತ್ತಿನ ಅಂಕಿಯಿಂದ ನಿಮ್ಮ ಚಿಂತೆ ಅಳೆಯಲಾಗದು. ಅಂಡಾಣು ಬಿಟ್ಟಿತೇ ಎಂದು ನೋಡುವ ಪ್ರೊಜೆಸ್ಟಿರೋನ್ ಪರೀಕ್ಷೆಯಲ್ಲೂ ಒಂದು ಹಳೇ ತಪ್ಪಿದೆ, ಎಲ್ಲರಿಗೂ 21ನೇ ದಿನ ಎಂದು ಬರೆಯುವುದು. ಅದು 28 ದಿನದ ಚಕ್ರದವರಿಗೆ. ಮುಂದಿನ ಮುಟ್ಟಿಗೆ 7 ದಿನ ಮೊದಲು ಎನ್ನುವುದು ನಿಜವಾದ ಲೆಕ್ಕ. 35 ದಿನಕ್ಕೆ ಆಗುವವರಿಗೆ 28ನೇ ದಿನ. 3 ನ್ಯಾನೋಗ್ರಾಂ ದಾಟಿದ್ದರೆ ಅಂಡಾಣು ಬಿಟ್ಟಿದೆ.

ಗರ್ಭನಾಳದ ಎಕ್ಸ್‌ರೇಯಲ್ಲೂ ಭಯ ಸುಳ್ಳು ಹೇಳಿಸುತ್ತದೆ. ರಕ್ತಸ್ರಾವ ನಿಂತ ಮೇಲೆ, 7ರಿಂದ 10ನೇ ದಿನದೊಳಗೆ, ಗರ್ಭಕೋಶಕ್ಕೆ ಬಣ್ಣದ ದ್ರಾವಣ ಬಿಟ್ಟು ತೆಗೆಯುವ ಚಿತ್ರ ಇದು. ನೋವಿಗೆ, ಹೆದರಿಕೆಗೆ ನಾಳದ ಬುಡದ ಸ್ನಾಯು ಹಿಡಿದುಕೊಂಡರೆ ದ್ರಾವಣ ಮುಂದೆ ಹೋಗುವುದಿಲ್ಲ, ‘ನಾಳ ಬ್ಲಾಕ್’ ಎಂದು ರಿಪೋರ್ಟ್ ಬರುತ್ತದೆ. ಬುಡದಲ್ಲೇ ಬ್ಲಾಕ್ ಎಂದಿದ್ದರೆ ಇನ್ನೊಮ್ಮೆ ಖಾತ್ರಿ ಮಾಡದೆ ಮುಂದಿನ ತೀರ್ಮಾನ ಬೇಡ. ಒಂದು ಗಂಟೆ ಮೊದಲು ನೋವಿನ ಮಾತ್ರೆ ಕೊಡುತ್ತಾರಾ ಎಂದು ಕೇಳಿಕೊಳ್ಳಿ, ಕೇಳುವುದರಲ್ಲಿ ತಪ್ಪಿಲ್ಲ.

ಇನ್ನು ‘ಡೇಟಿನ ದಿನ’. ಫಾಲಿಕಲ್ ಸ್ಟಡಿಯಲ್ಲಿ 9-10ನೇ ದಿನದಿಂದ ಸ್ಕ್ಯಾನ್ ಮಾಡುತ್ತಾ ಹೋಗುತ್ತಾರೆ. ಕೋಶ ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆದು 18-20ಕ್ಕೆ ಬಂದಾಗ ಇಂಜೆಕ್ಷನ್, ಜತೆಗೆ “ಇವತ್ತು, ನಾಳೆ, ನಾಳಿದ್ದು ಸೇರಿ” ಎಂಬ ಆದೇಶ. ಹೆಂಡತಿ ಗಂಡನಿಗೆ ವಾಟ್ಸಾಪಿನಲ್ಲಿ “ಇವತ್ತು” ಎಂದು ಕಳಿಸುತ್ತಾಳೆ. ಅವನು ತೋಟದಿಂದಲೋ ಫ್ಯಾಕ್ಟರಿಯಿಂದಲೋ ಸುಸ್ತಾಗಿ ಬರುತ್ತಾನೆ, ಮನೆ ತುಂಬ ನೆಂಟರು, ಕೋಣೆಗೂ ಹಜಾರಕ್ಕೂ ನಡುವೆ ಹಲಗೆಯ ಗೋಡೆ. ಎರಡು ಸಲ ಆಗದೇ ಹೋದರೆ ಮೂರನೇ ತಿಂಗಳು ಆ ಮೆಸೇಜಿನ ಸದ್ದಿಗೇ ಮೈ ತಣ್ಣಗಾಗುತ್ತದೆ. ಬೆಳಗಿನ ಜಾವ ನಿಮಿರುವಿಕೆ ಎಂದಿನಂತೆ ಇದ್ದರೆ ರಕ್ತನಾಳ, ನರ ಸರಿಯಿವೆ ಎಂದೇ ತಿಳಿಯಬಹುದು. ಅಗತ್ಯ ಬಿದ್ದರೆ ವೈದ್ಯರು ಸಿಲ್ಡನಾಫಿಲ್ ಬರೆದುಕೊಡುತ್ತಾರೆ, ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಅದನ್ನು ಮುಟ್ಟಕೂಡದು.

ನಮ್ಮ ಕ್ರಮ ಬೇರೆ. ಅಂಡಾಣು ಬದುಕುವುದು 12ರಿಂದ 24 ಗಂಟೆ, ವೀರ್ಯಾಣು ಒಳಗೆ 5 ದಿನದವರೆಗೂ ಕಾಯಬಲ್ಲದು. ಗರ್ಭ ನಿಲ್ಲಬಹುದಾದದ್ದು ಅಂಡಾಣು ಬಿಡುವ ದಿನವೂ ಸೇರಿ ಹಿಂದಿನ 6 ದಿನ. ಹಾಗಿರುವಾಗ ಒಂದೇ ರಾತ್ರಿಯ ಮೇಲೆ ಎಲ್ಲ ಹೊರೆ ಹೊರಿಸುವುದೇಕೆ? ಮುಟ್ಟು ನಿಂತ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕೂಡುತ್ತಾ ಹೋದರೆ ಅಂಡಾಣು 14ಕ್ಕೆ ಬಿಟ್ಟರೂ 20ಕ್ಕೆ ಬಿಟ್ಟರೂ ವೀರ್ಯಾಣು ಅಲ್ಲಿರುತ್ತವೆ. ಸ್ಕ್ಯಾನಿನ ಅಂಕಿಯನ್ನು ಗಂಡನಿಗೆ ಹೇಳಲೇಬೇಕೆಂದಿಲ್ಲ. ವಾರಾಂತ್ಯಕ್ಕೆ ಮಾತ್ರ ಬರುವ ಗಂಡಂದಿರಿಗೆ ಇದು ಸಾಲುವುದಿಲ್ಲ. ತಿಂಗಳ ನಡುವಿನ ಒಂದು ವಾರ ಊರಲ್ಲಿರುವಂತೆ ರಜೆ ಕೂಡಿಸಿಕೊಳ್ಳಿ.

ಐಯುಐ ಮಾಡಿಸಿಕೊಂಡವರ ಕಷ್ಟ ಮುಂದಿನ 14 ದಿನ. ಹಾಸಿಗೆ ಬಿಟ್ಟು ಏಳಬಾರದು, ಆಟೋ ಕುಲುಕಿದರೆ ಜಾರಿಹೋಗುತ್ತದೆ ಎಂಬ ಮಾತು ಎಲ್ಲ ಊರಲ್ಲೂ ಇದೆ. ಗರ್ಭಕೋಶದೊಳಗೆ ಬಿಟ್ಟ ವೀರ್ಯಾಣು ಬೇಲೂರು ರಸ್ತೆಯ ಉಬ್ಬಿನ ಕುಲುಕಿಗೆ ಉದುರುವುದಿಲ್ಲ. ಹತ್ತು ಹದಿನೈದು ನಿಮಿಷ ಮಲಗಿ, ಎದ್ದು ಬಸ್ಸು ಹತ್ತಿ, ಮಾರನೆಯ ದಿನ ಕೆಲಸಕ್ಕೆ ಹೋಗಿ. ಮನೆಯಲ್ಲಿ ಮಲಗಿ ಮೈಯ ಪ್ರತಿ ಸೆಳೆತವನ್ನೂ ಎಣಿಸುವುದೇ ಹೆಚ್ಚು ಹಿಂಸೆ. ಪ್ರೊಜೆಸ್ಟಿರೋನ್ ಮಾತ್ರೆಗೆ ಎದೆ ಭಾರ, ಹೊಟ್ಟೆ ಉಬ್ಬರ, ನಿದ್ದೆ ಬರುವುದು ಎಲ್ಲ ಬಸಿರಿನ ಹಾಗೇ ಇರುತ್ತವೆ, ಅವುಗಳಿಂದ ಏನೂ ತಿಳಿಯುವುದಿಲ್ಲ. ಮನೆಯಲ್ಲಿ ಬೇಗ ಪರೀಕ್ಷಿಸಿದರೆ ಕೋಶ ಒಡೆಯಲು ಕೊಟ್ಟ ಎಚ್‌ಸಿಜಿ ಇಂಜೆಕ್ಷನ್ನೇ ಎರಡು ಗೆರೆ ತೋರಿಸಬಹುದು. ಅದು ಮೈಯಲ್ಲಿ 10ರಿಂದ 14 ದಿನ ಉಳಿಯುತ್ತದೆ. ಎರಡು ಗೆರೆ ನೋಡಿ ತವರಿಗೆ ಫೋನ್ ಮಾಡಿ, ನಾಲ್ಕು ದಿನಕ್ಕೆ ಮುಟ್ಟಾಗುವ ಸಂಕಟಕ್ಕಿಂತ 14ನೇ ದಿನದ ರಕ್ತ ಪರೀಕ್ಷೆಗೆ ಕಾಯುವುದು ಮೇಲು.

ಒತ್ತಡ ಮಗುವನ್ನು ತಪ್ಪಿಸುವ ಇನ್ನೊಂದು ದಾರಿ ಲ್ಯಾಬಿನಲ್ಲಿ ಸಿಗುವುದಿಲ್ಲ: ಜನ ಚಿಕಿತ್ಸೆ ಬಿಟ್ಟುಬಿಡುತ್ತಾರೆ. ದುಡ್ಡಿದ್ದವರೂ, ರಿಪೋರ್ಟ್ ಚೆನ್ನಾಗಿದ್ದವರೂ, ಎರಡನೇ ಸಲದ ನಂತರ ಬರುವುದಿಲ್ಲ. ಆಪ್ತಸಮಾಲೋಚನೆಯಿಂದ ಗರ್ಭ ನಿಲ್ಲುವುದು ಹೆಚ್ಚುತ್ತದೆ ಎಂದು ನಾವು ಮಾತು ಕೊಡುವುದಿಲ್ಲ, ಅಷ್ಟು ಗಟ್ಟಿ ಪುರಾವೆ ಇಲ್ಲ. ಚಿಕಿತ್ಸೆಯ ತಿಂಗಳುಗಳನ್ನು ದಾಟಲು ಅದು ನೆರವಾಗುತ್ತದೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಲ್ಲೂ ಚಿಕಿತ್ಸೆಯ ಪರಿಣಾಮ, ಯಶಸ್ಸಿನ ಸಾಧ್ಯತೆಗಳ ಬಗ್ಗೆ ದಂಪತಿಗೆ ಸಮಾಲೋಚನೆ ಕೊಡುವುದು ಕೇಂದ್ರಗಳ ಹೊಣೆ. ಅದು ಸಹಿ ಹಾಕಿಸಿಕೊಳ್ಳುವ ಐದು ನಿಮಿಷವಾಗಿ ಮುಗಿಯದಂತೆ ಪಟ್ಟು ಹಿಡಿಯಿರಿ. ನಾವು ಮಾಡಿಸುವುದು ಸಣ್ಣ ಕೆಲಸಗಳು. ಶುರುವಿಗೆ ಮೊದಲೇ ಎಷ್ಟು ಸಲ ಐಯುಐ, ಎಷ್ಟು ದುಡ್ಡು, ಎಲ್ಲಿ ನಿಲ್ಲಿಸಿ ಯೋಚಿಸುವುದು ಎಂದು ಕಾಗದದಲ್ಲಿ ಬರೆಸುತ್ತೇವೆ. ಮೂರು ನಾಲ್ಕು ಸಲದ ಮೇಲೆ ಐಯುಐಯನ್ನೇ ಎಳೆಯುವುದರಲ್ಲಿ ಲಾಭ ಕಡಿಮೆ. ಮದುವೆ ಮನೆಯಲ್ಲಿ “ಏನಮ್ಮ, ವಿಶೇಷ ಏನಾದ್ರೂ?” ಎಂದವರಿಗೆ ಕೊಡಲು ಒಂದೇ ವಾಕ್ಯ ಸಿದ್ಧವಿರಲಿ, “ಇದ್ದಾಗ ನಾವೇ ಹೇಳ್ತೀವಿ ಅತ್ತೆ” ಎಂದು, ಅದನ್ನು ಗಂಡ ಹೇಳಲಿ. ಸೀಮಂತಕ್ಕೆ ಹೋಗಲು ಮನಸ್ಸಿಲ್ಲದಿದ್ದರೆ ಹೋಗಬೇಡಿ. ಮಲಗುವ ಮುಂಚೆ ಹತ್ತು ನಿಮಿಷ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರು ಬರುತ್ತದೆ. ಇದರಿಂದ ಗರ್ಭ ನಿಲ್ಲುವುದಿಲ್ಲ, ನಿದ್ದೆ ಬರುತ್ತದೆ.

ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರದು, ಯಾವುದರಲ್ಲೂ ಮನಸ್ಸಿಲ್ಲ, ಬದುಕಿದ್ದೇನು ಫಲ ಎನ್ನಿಸುತ್ತಿದೆ ಎಂದಾದರೆ ಅದನ್ನು ಟೆನ್ಷನ್ ಎನ್ನಬಾರದು, ಚಿಕಿತ್ಸೆ ಬೇಕಿರುವ ಖಿನ್ನತೆ ಇರಬಹುದು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವಿಗೆ ಪ್ರಯತ್ನಿಸುತ್ತಿದ್ದೇವೆ ಎಂದು ಮೊದಲೇ ಹೇಳಿ; ಗರ್ಭಕ್ಕೆ ಹೊಂದುವ ಮಾತ್ರೆಗಳಿವೆ.

ಎರಡನೇ ಭೇಟಿ ಸಾಮಾನ್ಯವಾಗಿ ಮೂರು ತಿಂಗಳ ಮೇಲೆ, ಹೊಸ ವೀರ್ಯಾಣು ಬರುವ ಹೊತ್ತಿಗೆ. ಕೊಯ್ಲು ಮುಗಿಸಿ ಜನವರಿ, ಫೆಬ್ರವರಿಯಲ್ಲಿ ಬರುವವರು ಒಂದು ನೆನಪಿಡಿ: ಹೊಸ ವರ್ಷದ ಕ್ಯಾಲೆಂಡರ್ ಬಂತೆಂದು ಹಳೆಯದರ ಹಾಳೆ ಹರಿದು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಕೊಡಬೇಡಿ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಾಳೆಗಳನ್ನಾದರೂ ಮಡಚಿ ಫೈಲಿನಲ್ಲಿಟ್ಟು ತನ್ನಿ. ಕೆಂಪು ಚುಕ್ಕೆಯ ಜತೆಗೆ ಜ್ವರ ಬಂದ ದಿನ, ರಾತ್ರಿ ಪಾಳಿಯ ವಾರ, ಗ್ಯಾಸ್ ಮಾತ್ರೆ ಶುರು ಮಾಡಿದ ದಿನ ಇಷ್ಟನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರೆ ಸಾಕು.